ಹತ್ತರ ಸ್ಪ್ಯಾನರು

ಮೊದಲು ಕಂಡದ್ದು ಓನರಮ್ಮನಿಗೆ.
ಇಂಟರ್‌ಲಾಕಿನ ಮೇಲೆ ನಾಲ್ಕಾಣೆ ಅಗಲದ ಕಪ್ಪು.
"ಇದೆಂತ ಮಾರಾಯ್ತಿ, ಅಂಗಳಕ್ಕೆ ಬೊಟ್ಟಿಟ್ಟಿದ್ದೀ?"
ಹೊಯಿಗೆ ಹಾಕಿದೆ, ಸೋಪಿನ ಪುಡಿ ಹಾಕಿದೆ,
ಬೊಟ್ಟು ಹೋಗಲಿಲ್ಲ. ಮರುದಿನ ಪಕ್ಕದಲ್ಲಿ ಇನ್ನೊಂದು.

ಮರೋಳಿಯಿಂದ ಕಂಕನಾಡಿಗೆ ದಿನಕ್ಕೆ ನಾಲ್ಕು ಸಲ,
ಹನ್ನೊಂದು ಮಕ್ಕಳು, ಹನ್ನೊಂದು ಚೀಲ, ನನ್ನ ಓಮ್ನಿ.
ಪಂಪ್‌ವೆಲ್ಲಿನ ಬ್ಲಾಕಿನಲ್ಲಿ ನಿಂತರೆ ಸುಟ್ಟೆಣ್ಣೆಯ ವಾಸನೆ.
ಮುಂದಿನ ಸೀಟಿನ ರಿಝಾನ್ ಮೂಗು ಹಿಡಿದು ಹೇಳುತ್ತಾನೆ:
"ಅಕ್ಕಾ, ಯಾರೋ ಪೋಡಿ ಕಾಯಿಸ್ತಿದ್ದಾರೆ."

ಪಡೀಲಿನ ಗ್ಯಾರೇಜಿನವ ಬಗ್ಗಿ ನೋಡಲೂ ಇಲ್ಲ.
"ಇಂಜಿನ್ ಇಳಿಸಬೇಕಾದೀತು" ಅಂದ.
ಇಳಿಸುವುದೆಂದರೆ ಅವನಿಗೆ ಎರಡು ದಿನ,
ನನಗೆ ಹನ್ನೊಂದು ಮನೆಯ ಫೋನು.

ಭಾನುವಾರ ಚಕ್ರಕ್ಕೆ ಕಲ್ಲು ಕೊಟ್ಟು ಸೀಟೆತ್ತಿದೆ.
ಓಮ್ನಿಯ ಹೊಟ್ಟೆ ಇರುವುದು ನಾವು ಕೂರುವಲ್ಲೇ;
ಇಷ್ಟು ವರ್ಷ ಕೂತಿದ್ದೆ, ಕಾವಿಗೆ ಕೂತ ಕೋಳಿಯ ಹಾಗೆ,
ಅಡಿಯಲ್ಲಿ ಎಂತ ಉಂಟೆಂದು ನೋಡದೆ.
ಎಲ್ಲ ಕಡೆ ಜಿಡ್ಡು.
ಎಲ್ಲಿಂದ ಹೊರಟೆ ಅಂತ ಎಣ್ಣೆ ಹೇಳುವುದುಂಟಾ,
ಇಳಿಯುವುದಷ್ಟೇ ಅದಕ್ಕೆ ಗೊತ್ತು.
ಹಳೆ ಬೈರಾಸಿನಲ್ಲಿ ಒರೆಸಿ, ಸೀಮೆಎಣ್ಣೆಯಲ್ಲಿ ಉಜ್ಜಿ,
ಒಣಗಿದ ಮೇಲೆ ಮಗಳ ಪೌಡರ್ ಡಬ್ಬಿ ತಂದು
ಇಂಜಿನಿನ ಮೈಗೆಲ್ಲ ಬಡಿದೆ,
ಮೀಯಿಸಿ ಮಲಗಿಸಿದ ಶಿಶುವಿಗೆ ಬಡಿಯುವ ಹಾಗೆ.
ಹತ್ತು ನಿಮಿಷ ಸ್ಟಾರ್ಟಿನಲ್ಲಿಟ್ಟೆ.

ಮೇಲಿನ ಮುಚ್ಚಳದ ಹಿಂದೆ, ಮೂಲೆಯಲ್ಲಿ,
ಬಿಳಿಯೊಳಗಿಂದ ಒಂದು ಕಂದು ಗೆರೆ
ಮೆಲ್ಲ ಇಳಿದು ಬಂತು.
ಇಷ್ಟೇ.

ಅಲ್ಲಿ ಯಾರೋ ಮೊದಲೇ ಗಮ್ಮು ಮೆತ್ತಿದ್ದರು.
ಬಿಗಿದು ಬಿಗಿದು ವಾಷರಿನ ರಬ್ಬರು, ಪಾಪ,
ಚಪ್ಪಟೆಯಾಗಿ ಸೀಳಿತ್ತು.
ಹಳೆ ಗ್ಯಾಸ್ಕೆಟ್ ಎಳೆದರೆ ಒಣ ಹಪ್ಪಳ,
ಟಕ್ಕೆಂದು ಮೂರು ತುಂಡು.
ಹೊಸತು ಅಂದಾಜಿಗೆ ಶನಿವಾರವೇ ತಂದಿದ್ದೆ, ನೂರ ಅರವತ್ತು.
ಬಂದರಿನ ಅಂಗಡಿಯವ ಕೇಳಿದ್ದ: "ಹಾಕುವುದು ಯಾರು?"
ನಾನು ಚಿಲ್ಲರೆ ಎಣಿಸುತ್ತಿದ್ದೆ.

ಹತ್ತರ ಸ್ಪ್ಯಾನರು ತಿರುಗಿಸುವಾಗ ಕೈಯಲ್ಲಿ ಸಿಟ್ಟಿತ್ತು.
ಇನ್ನು ಸೋರಬಾರದು, ಇನ್ನೊಂದು ಸುತ್ತು, ಇನ್ನೂ ಅರ್ಧ...
ಜಗಲಿಯಲ್ಲಿ ತಡ್ಪೆ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದ ಅಮ್ಮ
ತಲೆಯೆತ್ತದೆ ಹೇಳಿದಳು: "ಯೇತ್ ಬೋಡೋ ಆತೇ."
ಎಷ್ಟು ಬೇಕೋ ಅಷ್ಟೇ.

ಅಮ್ಮನಿಗೆ ಇಂಜಿನ್ ಗೊತ್ತಿಲ್ಲ. ಬಿಗಿ ಗೊತ್ತು.
ನಲವತ್ತೊಂದು ವರ್ಷ, ದಿನಕ್ಕೆ ಎಂಟುನೂರು.
ಬಿಗಿ ಹೆಚ್ಚಾದರೆ ಬೀಡಿ ಎಳೆಯುವುದಿಲ್ಲ,
ಸಡಿಲಾದರೆ ಹೊಗೆಸೊಪ್ಪು ಉದುರುತ್ತದೆ,
ಎರಡಕ್ಕೂ ಬ್ರಾಂಚಿನಲ್ಲಿ ಕಟ್ಟು ಬಿಚ್ಚಿ ಬಿಸಾಡುತ್ತಾರೆ.
ಎದ್ದು ಬಂದಳು. ಬೆರಳನ್ನು ಸೀರೆಗೊರೆಸಿ
ಸ್ಪ್ಯಾನರನ್ನು ಕುತ್ತಿಗೆಯಲ್ಲಿ ಹಿಡಿದಳು, ಬಾಲದಲ್ಲಲ್ಲ.
ಇಲ್ಲೊಂದು ಚೂರು, ಅದರೆದುರಿನದಕ್ಕೆ ಒಂದು ಚೂರು,
ನೆಂಟರ ಮನೆಯಲ್ಲಿ ಎಲ್ಲರನ್ನೂ ಮಾತಾಡಿಸುವ ಹಾಗೆ
ಬೋಲ್ಟುಗಳನ್ನು ಮುಟ್ಟಿ ಮುಟ್ಟಿ ಹೋದಳು.
ಮತ್ತೆ ಒಂದು ಕಡೆ ನಿಂತಳು.
ನಿಲ್ಲುವ ಜಾಗ ನನಗೆ ಕಾಣಲಿಲ್ಲ,
ಅವಳ ಹೆಬ್ಬೆರಳಿಗೆ ಕಂಡಿತು.

"ಈ ಎಣ್ಣೆ ಕೈಯಲ್ಲಿ ಎಲೆ ಮುಟ್ಟುವ ಹಾಗಿಲ್ಲ,
ಇನ್ನೂರು ಬೀಡಿ ಕಡಿಮೆಯಾಯಿತು, ನಿನ್ನ ಲೆಕ್ಕಕ್ಕೆ"
ಅನ್ನುತ್ತ ಬಾವಿಕಟ್ಟೆಗೆ ನಡೆದಳು.

ರಾತ್ರಿ ವ್ಯಾನಿನಡಿ ಗೋಡಂಬಿ ಪೆಟ್ಟಿಗೆಯ ರಟ್ಟು ಹಾಸಿದ್ದೆ.
ಬೆಳಿಗ್ಗೆ ಟಾರ್ಚು ಹಿಡಿದರೆ ಒಂದು ಇರುವೆ, ಒಂದು ಹಲಸಿನೆಲೆ.
ಓನರಮ್ಮ ಹಳೆ ಬೊಟ್ಟುಗಳನ್ನೇ ಇನ್ನೊಮ್ಮೆ ಎಣಿಸಿ ಒಳಗೆ ಹೋದರು.

ಪಂಪ್‌ವೆಲ್ಲಿನ ಬ್ಲಾಕಿನಲ್ಲಿ ಇಂಜಿನು ಬಿಸಿಯಾಯಿತು.
ರಿಝಾನ್ ಮೂಗು ಹಿಡಿಯಲು ಎತ್ತಿದ ಕೈ ಅಲ್ಲೇ ಬಿಟ್ಟು
ಸೀಟಿನತ್ತ ಬಗ್ಗಿ ಒಮ್ಮೆ ಮೂಸಿದ.
"ಅಕ್ಕಾ, ವ್ಯಾನಿಗೆ ಮೀಯಿಸಿ ಪೌಡರ್ ಹಾಕಿದ್ದಾ?"